ಬಾಟಲಿಯ ಮೇಲಿನ ‘ಅಪಾಯ’ ಎಷ್ಟು ಅಪಾಯ?

ಮಾವು ಹೂ ಬಿಡುವ ಹೊತ್ತಿಗೆ ಶ್ರೀನಿವಾಸಪುರದ ತೋಪುಗಳಲ್ಲಿ ಜಿಗಿಹುಳು, ಬೂದಿರೋಗಗಳ ಕಾಟ ಶುರುವಾಗುತ್ತದೆ. ‘ಔಷಧಿ ಹೊಡೆಯುವ’ ಕೆಲಸಕ್ಕೂ ಅದೇ ಕಾಲ. ಇಲ್ಲಿನ ತೆಲುಗು ಮನೆಮಾತಿನವರು ಅದನ್ನು ‘ಮಂದು’ ಎನ್ನುತ್ತಾರೆ. ಎರಡೂ ಜ್ವರಕ್ಕೆ ನುಂಗುವ ಮಾತ್ರೆಗೂ ಸಲ್ಲುವ ಮಾತುಗಳೇ. ಆಡುಮಾತು ಇಷ್ಟು ಮೆತ್ತಗಿರುವಾಗ, ಒಳಗೇನಿದೆ ಎಂದು ಗಡುಸಾಗಿ ಹೇಳುವ ಹೊಣೆಯೆಲ್ಲ ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಬೀಳುತ್ತದೆ. ಅದಕ್ಕೆಂದು ಕಾನೂನು ಆರಿಸಿಕೊಂಡ ಮಾತುಗಳು ಮೂರು: ವಿಷ, ಅಪಾಯ, ಎಚ್ಚರಿಕೆ. ಇವುಗಳಲ್ಲಿ ‘ಅಪಾಯ’ಕ್ಕೆ ಓದುವವನ ಮನಸ್ಸಿನಲ್ಲಿರುವ ಅರ್ಥವೇ ಬೇರೆ, ಕಾನೂನಿನ ಲೆಕ್ಕವೇ ಬೇರೆ. ಹೊಲದಲ್ಲಿ ದುಡಿಯುವವರ ಮಟ್ಟಿಗೆ ಇದು ಬರೀ ಭಾಷೆಯ ಕೊಸರಾಟವಾಗಿ ಉಳಿಯುವುದಿಲ್ಲ.

1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಚೀಟಿಯ ಮೇಲೂ ಮೂಲೆಯೂರಿ ನಿಂತ ಒಂದು ಚೌಕ ಇರಬೇಕು. ಅದರ ಮೇಲಿನ ತ್ರಿಕೋನದಲ್ಲಿ ಎಚ್ಚರಿಸುವ ಮಾತು, ಕೆಳಗಿನದರಲ್ಲಿ ಬಣ್ಣ. ಯಾವ ಬಣ್ಣ ಎಂಬುದನ್ನು ನಿರ್ಧರಿಸಲು, ಪ್ರಯೋಗಕ್ಕೆ ಒಳಪಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಪ್ರತಿ ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕು ಎಂದು ನೋಡುತ್ತಾರೆ. ಬಾಯಿಯ ಮೂಲಕ ಹೋದಾಗ 50 ಮಿಲಿಗ್ರಾಂವರೆಗೆ ಸಾಕಾದರೆ ಕೆಂಪು, ತಲೆಬುರುಡೆಯ ಚಿತ್ರ, ಜೊತೆಗೆ ‘ವಿಷ’ ಎಂಬ ಮಾತು. 51ರಿಂದ 500 ಆದರೆ ಹಳದಿ. ಮಾತು ‘ವಿಷ’ವೇ, ಬುರುಡೆ ಇಲ್ಲ. 501ರಿಂದ 5000 ಆದರೆ ನೀಲಿ, ‘ಅಪಾಯ’. ಅದಕ್ಕೂ ಮೇಲಾದರೆ ಹಸಿರು, ‘ಎಚ್ಚರಿಕೆ’. ಚರ್ಮದ ಮೂಲಕ ಒಳಸೇರುವ ವಿಷಕ್ಕೂ ಇಂಥದೇ ಇನ್ನೊಂದು ಅಳತೆ ಇದೆ. ಅಂದರೆ ನಮ್ಮ ಚೀಟಿಯಲ್ಲಿ ‘ಅಪಾಯ’ ಎಂದಿದ್ದರೆ ಅದು ನಾಲ್ಕು ಮೆಟ್ಟಿಲುಗಳಲ್ಲಿ ಮೇಲಿನಿಂದ ಮೂರನೆಯದು.

ಇದೇ ಮಾತನ್ನು ಊರಾಚೆಯ ಟಿ.ಸಿ.ಯ (ವಿದ್ಯುತ್ ಪರಿವರ್ತಕದ) ಬೋರ್ಡಿನ ಮೇಲೆ ನೋಡಿ. ಅಲ್ಲಿ ‘ಅಪಾಯ’ದ ಜೊತೆಗೆ ತಲೆಬುರುಡೆಯೂ ಇದೆ, 11000 ವೋಲ್ಟ್ ಎಂದೂ ಇದೆ, ಮುಟ್ಟಿದರೆ ಸಾವು ಎಂಬುದು ಅಕ್ಷರ ಬಾರದವರಿಗೂ ಗೊತ್ತು. ಹಾಗೆ ಕಲಿತ ಕಣ್ಣು ಬಾಟಲಿಯ ಮೇಲೆ ಬುರುಡೆಯಿಲ್ಲದ ‘ಅಪಾಯ’ವನ್ನು ಕಂಡಾಗ ಏನೆಂದುಕೊಳ್ಳಬೇಕು? ಅಮೆರಿಕದ ಕೀಟನಾಶಕ ಚೀಟಿಗಳಲ್ಲಂತೂ ಈ ಮಾತೇ ಎಲ್ಲಕ್ಕಿಂತ ಮೇಲಿನ ದರ್ಜೆಯದು. ರಾಸಾಯನಿಕಗಳಿಗೆ ವಿಶ್ವಸಂಸ್ಥೆ ರೂಪಿಸಿದ ಪದ್ಧತಿಯಲ್ಲೂ ಹೆಚ್ಚು ತೀವ್ರವಾದುದಕ್ಕೇ ಇದು ಮೀಸಲು. ಒಂದೇ ಮಾತು ಅಲ್ಲಿ ತುತ್ತತುದಿಯಲ್ಲಿದ್ದರೆ ಇಲ್ಲಿ ಕೆಳಗಿನಿಂದ ಎರಡನೆಯ ಮೆಟ್ಟಿಲಲ್ಲಿದೆ.

ಬಣ್ಣ ಇದೆಯಲ್ಲ, ಮಾತಿನ ಗೊಡವೆ ಯಾಕೆ ಎನ್ನಬಹುದು. ಕೆಂಪಿನ ವಿಷಯದಲ್ಲಿ ಒಪ್ಪೋಣ. ಹಸಿರಿನದು ಮಾತ್ರ ಬೇರೆಯೇ ಕಥೆ. ಸಿಗ್ನಲ್ ದೀಪದಿಂದ ಹಿಡಿದು ಸಸ್ಯಾಹಾರದ ಪೊಟ್ಟಣದವರೆಗೆ ಹಸಿರೆಂದರೆ ‘ಪರವಾಗಿಲ್ಲ’ ಎಂದು ನಮಗೆ ರೂಢಿಯಾಗಿದೆ. ಕೋಲಾರದ ಟೊಮೆಟೊ ಬೆಳೆಗಾರರು ಅಂಗಮಾರಿಗೆ ಹೊಡೆಯುವ ಮ್ಯಾಂಕೋಜೆಬ್ ಈ ಹಸಿರಿನ ಗುಂಪಿನದು. ಹೊಟ್ಟೆಗೆ ಒಮ್ಮೆ ಹೋದ ಮಾತ್ರಕ್ಕೆ ಕೊಲ್ಲುವಂಥದ್ದಲ್ಲವಾದ್ದರಿಂದ ಆ ದರ್ಜೆ ಸರಿಯೇ. ಆದರೆ ಸಂತಾನಶಕ್ತಿಗೆ ಮತ್ತು ಹಾರ್ಮೋನ್ ವ್ಯವಸ್ಥೆಗೆ ಹಾನಿ ಮಾಡುತ್ತದೆಂಬುದನ್ನೂ ಪರಿಗಣಿಸಿ ಯುರೋಪಿಯನ್ ಒಕ್ಕೂಟ 2020ರ ಡಿಸೆಂಬರಿನಲ್ಲಿ ಅದರ ಅನುಮತಿಯನ್ನು ನವೀಕರಿಸಲಿಲ್ಲ. ವರ್ಷಗಟ್ಟಲೆ ಉಸಿರಿನಲ್ಲಿ, ಬೆವರಿದ ಬೆನ್ನಿನ ಮೇಲೆ ಸೋರಿದ ಹನಿಯಲ್ಲಿ ಒಳಸೇರುವುದನ್ನು ನಮ್ಮ ತ್ರಿಕೋನ ಅಳೆಯುವುದೇ ಇಲ್ಲ. ಬಣ್ಣವಾಗಲಿ ಮಾತಾಗಲಿ, ಎರಡೂ ಹೇಳುವುದು ಕೂಡಲೇ ಬರುವ ಸಾವಿನ ಲೆಕ್ಕವನ್ನು ಮಾತ್ರ.

ಆ ಲೆಕ್ಕದ ಹೊರಗೆ ಏನೆಲ್ಲ ಉಳಿಯಬಹುದು ಎಂಬುದನ್ನು ಕಾಸರಗೋಡು ಕಂಡಿದೆ. ಎಣ್ಮಕಜೆಯ ಪಡ್ರೆಯಂಥ ಹಳ್ಳಿಗಳ ಮಗ್ಗುಲಿನ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸುಪ್ರೀಂ ಕೋರ್ಟ್ ದೇಶಾದ್ಯಂತ ಅದನ್ನು ತಡೆದದ್ದು 2011ರ ಮೇ ತಿಂಗಳಿನಲ್ಲಿ. ಡಬ್ಬಿಯ ಮೇಲೆ ಏನು ಬರೆದಿದ್ದರೇನು, ಕೆಳಗೆ ಅಂಗಳದಲ್ಲಿದ್ದವರು ಡಬ್ಬಿಯನ್ನೇ ನೋಡಿರಲಿಲ್ಲ. ಚೀಟಿ ಮಾತಾಡುವುದು ಬಾಟಲಿ ಹಿಡಿದವನ ಜೊತೆಗೆ; ಪಕ್ಕದ ಹೊಲದಲ್ಲಿ ಕಳೆ ಕೀಳುವವಳಿಗೆ ಅದು ಏನನ್ನೂ ಹೇಳಲಾರದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಎಲ್ಲದರ ಮೇಲೂ ‘ವಿಷ’ ಎಂದು ಬರೆದರೆ ಜನ ಯಾವುದನ್ನೂ ಲೆಕ್ಕಕ್ಕಿಡುವುದಿಲ್ಲ. ನಿಜವಾದ ಕೆಂಪು ಡಬ್ಬಿ ಗುಂಪಿನಲ್ಲಿ ಕಳೆದುಹೋಗುತ್ತದೆ. ನಿಜ, ದರ್ಜೆ ಬೇಕು. ಆದರೆ ದರ್ಜೆ ತಿಳಿಯಬೇಕಾದರೆ ಇಡೀ ಏಣಿ ಕಾಣಬೇಕು. ಒಂದು ಬಾಟಲಿಯ ಮೇಲೆ ಒಂದೇ ಮೆಟ್ಟಿಲನ್ನು ತೋರಿಸಿ ‘ಅಪಾಯ’ ಎಂದರೆ, ಅದು ಮೇಲಿನದೋ ಕೆಳಗಿನದೋ ಎಂದು ಓದುವವನಿಗೆ ಹೇಗೆ ಗೊತ್ತಾಗಬೇಕು? ನಾಲ್ಕು ಬಣ್ಣಗಳನ್ನೂ ಒಟ್ಟಿಗೆ ಅಚ್ಚು ಮಾಡಿ ಈ ಡಬ್ಬಿ ಎಲ್ಲಿದೆ ಎಂದು ಗುರುತು ಹಾಕಬಹುದು. ನಿಧಾನವಾಗಿ ಆಗುವ ಹಾನಿಗೆ ಕನ್ನಡದಲ್ಲಿ ಬೇರೆಯೇ ಒಂದು ಸಾಲು ಕೊಡಬಹುದು. ಅಲ್ಲಿಯವರೆಗೆ ಅಂಗಡಿಯಲ್ಲಿ ಕೇಳಬೇಕಾದ್ದು ‘ಇದು ಅಪಾಯವೇ’ ಎಂದಲ್ಲ. ಯಾವ ರಾಸಾಯನಿಕ, ಮೈಮೇಲೆ ಬಿದ್ದರೆ ಏನಾಗುತ್ತದೆ, ಹೊಡೆದ ಎಷ್ಟು ದಿನದ ಮೇಲೆ ಕಾಯಿ ಕೀಳಬಹುದು ಎಂದು ಕೇಳಬೇಕು. ರಾಸಾಯನಿಕದ ಹೆಸರು ಚೀಟಿಯಲ್ಲೇ ಇರುತ್ತದೆ, ಬ್ರಾಂಡಿನ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ. ವಿಷವೇರಿದವರನ್ನು ಆಸ್ಪತ್ರೆಗೆ ತಂದಾಗ ವೈದ್ಯರು ಮೊದಲು ಕೇಳುವುದೂ ಅದನ್ನೇ.