ಸೊನ್ನೆಯೋ? ಐದೋ?

ಒಮಾನ್ ಎಲ್ಲಿದೆ ಗೊತ್ತೇ ಅಕ್ಕಾ? ನಮ್ಮ ಮಲ್ಪೆಯ ಕಡಲಿನ ಆಚೆಗಿರುವ ದೇಶ. ನಮ್ಮಲ್ಲಿ ಬೆಳಿಗ್ಗೆ ಏಳೂವರೆ ಆದಾಗ ಅಲ್ಲಿ ಆರು ಗಂಟೆ.

ನಮ್ಮ ರಾತ್ರಿ ಶಾಲೆಯಲ್ಲಿ ಓದು ಕಲಿತ ಒಬ್ಬರು ಅಲ್ಲಿನ ಮಸ್ಕತ್ ಪಟ್ಟಣದಲ್ಲಿ ಮನೆಕೆಲಸಕ್ಕಿದ್ದಾರೆ. ವಾರವೆಲ್ಲಾ ಅಡುಗೆ, ಪಾತ್ರೆ, ಬಟ್ಟೆ. ಶುಕ್ರವಾರ ರಜ. ಅವತ್ತು ಮತ್ರಾ ಪೇಟೆಗೆ ಹೋಗ್ತಾರೆ. ಎದುರಿಗೇ ಸಮುದ್ರ. ಓಣಿ ತುಂಬ ಲೋಬಾನದ ಘಮ. ಹತ್ತಿರವೇ ಮೀನು ಮಾರುಕಟ್ಟೆ. ಅಂಜಲ್ ಮೀನು ಕಂಡು ಊರು ನೆನಪಾಯ್ತಂತೆ!

ಮೊದಲ ಸಲ ಹೋದಾಗ ಅಂಗಡಿಯಲ್ಲಿ ಬೆಲೆ ಚೀಟಿ ನೋಡಿದರು. ಒಂದು ಸೊನ್ನೆ, ಪಕ್ಕದಲ್ಲಿ ಎರಡು ಚುಕ್ಕಿ. ಇದೇನು, ಬಿಟ್ಟಿಯೇ? ಅಲ್ಲ. ಅರಬ್ಬಿ ಬರಹದಲ್ಲಿ ಐದು ನಮ್ಮ ಸೊನ್ನೆಯ ಹಾಗಿದೆ. ಅವರ ಸೊನ್ನೆ ಬರೀ ಚುಕ್ಕಿ. ಹಾಗಾಗಿ ಅದು ೫೦೦ ಬೈಸಾ. ೧೦೦೦ ಬೈಸಾ ಸೇರಿದರೆ ಒಂದು ರಿಯಾಲ್. ಅಂದ್ರೆ ಬೆಲೆ ಅರ್ಧ ರಿಯಾಲ್. ಅಲ್ಲಿ ಅಕ್ಷರವನ್ನು ಬಲದಿಂದ ಎಡಕ್ಕೆ ಓದ್ತಾರೆ. ಅಂಕಿ ಮಾತ್ರ ನಮ್ಮ ಹಾಗೇ, ಎಡದಿಂದ ಬಲಕ್ಕೆ.

ಇದು ಆಟವಲ್ಲ. ಸಂಬಳ ಎಣಿಸಬೇಕು. ಮಗಳ ಓದಿಗೆ ದುಡ್ಡು ಕಳಿಸಬೇಕು. ಅದಕ್ಕೇ ಅಂಗಡಿಯವನ ಹತ್ತಿರ ಹತ್ತೂ ಅಂಕಿ ಬರೆಸಿಕೊಂಡರು. ರಾತ್ರಿ ಅಡುಗೆಮನೆಯಲ್ಲಿ ಕೂತು ತಿದ್ದಿದರು. "ಟೀಚರೇ, ಇನ್ನೊಂದು ಸಲ ಒಂದನೇ ಕ್ಲಾಸಿಗೆ ಸೇರಿದೆ" ಅಂತ ಫೋನಿನಲ್ಲಿ ನಕ್ಕರು.