ಮೇವಿನ ಟ್ರೇಲರ್: ಯಾವುದು ಮುಂದೆ, ಯಾವುದು ಹಿಂದೆ?

ಬೇಸಿಗೆಗೆ ಮುನ್ನ ನಮ್ಮ ಉತ್ಪಾದಕ ಬಂಧುಗಳು ಕೂಡಿ ನಂಜನಗೂಡು, ತಿ. ನರಸೀಪುರದ ಕಡೆಯಿಂದ ಭತ್ತದ ಹುಲ್ಲು ತರಿಸುತ್ತಾರೆ. ಬಾಡಿಗೆ ಉಳಿಯಲೆಂದು ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟುವುದೂ ಉಂಟು. ಇತ್ತೀಚೆಗೆ ವಿದ್ಯಾರಣ್ಯಪುರಂನಲ್ಲಿ ಇಂತಹ ಜೋಡಿಯೊಂದು ಕಣ್ಣಿಗೆ ಬಿತ್ತು. ಮೊದಲು ಹುಲ್ಲು, ಅದರ ಹಿಂದೆ ಪಶು ಆಹಾರದ ಮೂಟೆಗಳು. ಚಾಲಕರನ್ನು ಕೇಳಿದರೆ, "ಮೂಟೆ ಮೊದಲು ಇಳಿಸಬೇಕು ಸಾರ್, ಅದಕ್ಕೇ ಹಿಂದೆ ಹಾಕಿದೆ" ಎಂದರು.

ಅನುಕೂಲವೇನೋ ಸರಿ, ಆದರೆ ತೂಕದ ಲೆಕ್ಕ ತಲೆಕೆಳಗು. 50 ಕೆ.ಜಿ.ಯ 60 ಮೂಟೆ ಎಂದರೆ 3,000 ಕೆ.ಜಿ. ಹುಲ್ಲು ಗುಡ್ಡದಷ್ಟು ಕಂಡರೂ ಅಷ್ಟು ತೂಗದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಭಾರ ಮುಂದಿನದನ್ನು ದೂಡುತ್ತದೆ. ನಡುವಿನ ಹಗುರ ಟ್ರೇಲರ್ ಆ ನೂಕು ತಾಳದೆ ಅಡ್ಡ ತಿರುಗುತ್ತದೆ. ಭಾರದ್ದು ಟ್ರ್ಯಾಕ್ಟರಿಗೆ ಹತ್ತಿರ, ಹಗುರದ್ದು ಕೊನೆಗೆ ಇರಬೇಕು. ಅಮೆರಿಕದಲ್ಲಿ ಎರಡು ಟ್ರೇಲರ್ ಎಳೆಯುವ ಲಾರಿಗಳಿಗೂ ಇದೇ ಪಾಠ.

ಎರಡು ಚಕ್ರದ ಒಂಟಿ ಟ್ರೇಲರ್ ಎತ್ತಿನ ಗಾಡಿಯಿದ್ದಂತೆ. ಮುಂಭಾರವಾದರೆ ಎತ್ತಿನ ಹೆಗಲು ಬಾಯುತ್ತದೆ (ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹೆಚ್ಚಾಗಿ ಔಷಧಿ ಹಚ್ಚಿದ್ದು ಅದಕ್ಕೇ), ಹಿಂಭಾರವಾದರೆ ನೊಗ ಮೇಲೆದ್ದು ಕೊರಳಪಟ್ಟಿ ಗಂಟಲು ಹಿಡಿಯುತ್ತದೆ. ಟ್ರ್ಯಾಕ್ಟರಿಗೆ ಮುಂಭಾರ ಅತಿಯಾದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಮಾತು ಕೇಳದು. ಹಿಂಭಾರವಾದರೆ ಕೊಂಡಿ ಮೇಲಕ್ಕೆ ಎಳೆದು ದೊಡ್ಡ ಚಕ್ರಗಳ ಹಿಡಿತ ಸಡಿಲುತ್ತದೆ. ಭಾರವನ್ನು ಅಚ್ಚಿಗಿಂತ ತುಸು ಮುಂದಕ್ಕೆ ಹೇರಿ.

ಸಂಶಯವಿದ್ದರೆ ವೇಬ್ರಿಡ್ಜಿನಲ್ಲಿ ತಿಳಿಯಬಹುದು. ತುಂಬಿದ ಟ್ರೇಲರನ್ನು ಬಿಚ್ಚಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತೂಗಿದಾಗ 4,000 ಕೆ.ಜಿ. ಬಂತೆನ್ನಿ. ಮತ್ತೆ ಜೋಡಿಸಿ, ಟ್ರೇಲರಿನ ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ತೂಗಿದರೆ 3,500. ಉಳಿದ 500 ಕೆ.ಜಿ. ಕೊಂಡಿಯ ಮೇಲಿದೆ ಎಂದರ್ಥ. ಒಟ್ಟು ತೂಕ ಟ್ರೇಲರಿನ ನೋಂದಣಿ ಪುಸ್ತಕದಲ್ಲಿರುವ ಮಿತಿ ದಾಟಿದರೆ 1988ರ ಮೋಟಾರು ವಾಹನ ಕಾಯ್ದೆಯಂತೆ ಅಪರಾಧ.

ಜೋಡಿಸುವಾಗ ಮೊದಲು ಟ್ರೇಲರಿನ ಚಕ್ರಗಳಿಗೆ ಕಲ್ಲು ಕೊಡಿ. ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತಿರುವಾಗ ನಡುವೆ ಯಾರೂ ನಿಲ್ಲಬಾರದು. ಅದು ಪೂರ್ತಿ ನಿಂತ ಮೇಲೆಯೇ ಪಿನ್ನು, ಪಿನ್ನಿಗೆ ಲಾಕು, ಆಮೇಲೆ ಸರಪಳಿ. ಆತುರಕ್ಕೆ ನಡುವೆ ಕೈಯಿಟ್ಟು ಬಲಗೈಯ ಎರಡು ಬೆರಳು ಕಳೆದುಕೊಂಡ ಉತ್ಪಾದಕರೊಬ್ಬರನ್ನು ನಾನು ಬಲ್ಲೆ. ನಾಲ್ಕು ಹಸುಗಳ ಹಾಲು ಕರೆಯುವುದು ಈಗ ಅವರ ಮನೆಯಾಕೆಯೊಬ್ಬರೇ.

ಇನ್ನು ಆ ಚಾಲಕರ ಪ್ರಶ್ನೆ. ಹಿಂದಿನ ಹುಲ್ಲಿನ ಟ್ರೇಲರನ್ನು ಸಮನೆಲದಲ್ಲಿ ಕಲ್ಲು ಕೊಟ್ಟು, ಮೊದಲು ಬಿಚ್ಚಿ ನಿಲ್ಲಿಸಿದರಾಯಿತು. ಕಾಲು ಗಂಟೆಯ ಕೆಲಸ.