ಎರ್ನಾಕುಲಂನಲ್ಲಿ ಹುಟ್ಟಿ ಕಟಕ್‌ನಲ್ಲಿ ಮುಗಿದ ಕಪ್

ಫೆಡರೇಷನ್ ಕಪ್‌ನ ಮೊದಲ ಫೈನಲ್ ಗೆದ್ದದ್ದು ಬೆಂಗಳೂರಿನ ತಂಡ. ಕೊನೆಯ ಫೈನಲ್ ಗೆದ್ದದ್ದೂ ಬೆಂಗಳೂರಿನದೇ. ನಡುವೆ ನಲವತ್ತು ವರ್ಷ. ಎರಡು ಸಲವೂ ಎದುರಿಗೆ ನಿಂತು ಸೋತದ್ದು ಕೋಲ್ಕತ್ತದ ಮೋಹನ್ ಬಾಗನ್. ಒಂದೇ ಊರಿನ ಈ ಎರಡು ತಂಡಗಳಿಗೆ ತಮ್ಮತಮ್ಮಲ್ಲಿ ಏನೇನೂ ಸಂಬಂಧವಿಲ್ಲ. ಮೊದಲನೆಯದು ಟೆಲಿಫೋನ್ ತಯಾರಿಸುವ ಸರ್ಕಾರಿ ಕಾರ್ಖಾನೆಯ ತಂಡ, ಕೊನೆಯದು ಉಕ್ಕಿನ ಖಾಸಗಿ ಉದ್ಯಮ ಸಮೂಹವೊಂದು ಕಟ್ಟಿದ ಕ್ಲಬ್. ಆ ಕಪ್ ಯಾಕೆ ಹುಟ್ಟಿತು, ಯಾಕೆ ನಿಂತಿತು ಎನ್ನುವುದೆಲ್ಲ ಈ ಎರಡರ ನಡುವೆಯೇ ಇದೆ.

1977ಕ್ಕೆ ಮೊದಲು ನಮ್ಮ ದೇಶದ ಫುಟ್‌ಬಾಲ್‌ನಲ್ಲಿ ಟ್ರೋಫಿಗಳಿಗೇನೂ ಬರವಿರಲಿಲ್ಲ. 1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಡ್ಯುರಾಂಡ್, ಮುಂಬೈಯ ರೋವರ್ಸ್, ಕೋಲ್ಕತ್ತದ ಐಎಫ್‌ಎ ಶೀಲ್ಡ್, ಎಲ್ಲವೂ ಬ್ರಿಟಿಷ್ ಪಡೆಗಳ ಕಾಲದವು. ಆದರೆ ಒಂದೊಂದೂ ಒಂದೊಂದು ಊರಿನ, ಒಂದೊಂದು ಸಂಘಟನೆಯ ಸ್ವತ್ತು. ರಾಜ್ಯಗಳ ನಡುವಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂದರೆ ಸಂತೋಷ್ ಟ್ರೋಫಿ. ಅದರಲ್ಲಿ ನಮ್ಮವರಿಗೆ ಹೆಸರಿತ್ತು: ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ಗೆದ್ದಿತ್ತು. ಕ್ಲಬ್‌ಗಳಿಗೆ ಮಾತ್ರ ‘ದೇಶಕ್ಕೆ ನಾವೇ ಮೊದಲು’ ಎಂದು ಹೇಳಿಕೊಳ್ಳುವ ವೇದಿಕೆ ಇರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಾನೇ ಮುಂದಾಗಿ ಒಂದು ಕಪ್ ಹುಟ್ಟುಹಾಕಿದ್ದು 1977ರಲ್ಲಿ. ಹೆಸರು ಹುಡುಕುವ ಗೋಜಿಗೂ ಹೋಗದೆ ತನ್ನ ಹೆಸರನ್ನೇ ಅದಕ್ಕೆ ಇಟ್ಟಿತು.

ಮೊದಲ ಕೂಟ ಎರ್ನಾಕುಲಂನಲ್ಲಿ. ಕೊಯಮತ್ತೂರು ಮುಗಿದು ಪಾಲಕ್ಕಾಡಿನ ಕಣಿವೆ ಹೊಕ್ಕರೆ ಫುಟ್‌ಬಾಲ್‌ಗೆ ಪ್ರಾಣ ಬಿಡುವ ನಾಡು. ಅಲ್ಲಿನ ಮೊದಲ ಕಪ್ ಕೋಲ್ಕತ್ತಕ್ಕೆ ಹೋದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಮೋಹನ್ ಬಾಗನ್ ಆ ವರ್ಷ ಎಂಥ ತಂಡವಾಗಿತ್ತೆಂದರೆ, ಸೆಪ್ಟೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ಗೆ ಬಂದ ಪೆಲೆಯ ನ್ಯೂಯಾರ್ಕ್ ಕಾಸ್ಮಾಸ್ ಜೊತೆ 2-2 ಸಮ ಮಾಡಿಕೊಂಡಿತು. ಐಎಫ್‌ಎ ಶೀಲ್ಡ್, ರೋವರ್ಸ್, ಡ್ಯುರಾಂಡ್ ಮೂರನ್ನೂ ಅದೇ ಸಾಲಿನಲ್ಲಿ ಗೆದ್ದಿತು. ಆ ತಂಡವನ್ನು ಫೆಡರೇಷನ್ ಕಪ್ ಫೈನಲ್‌ನಲ್ಲಿ 1-0ಯಿಂದ ಸೋಲಿಸಿದ್ದು ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್.

ದೂರವಾಣಿನಗರದ ಈ ಕಾರ್ಖಾನೆ 1948ರದು. ಮನೆಗೆ ಫೋನ್ ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಕೊನೆಗೊಂದು ದಿನ ಬರುತ್ತಿದ್ದ ಕಪ್ಪು ಸೆಟ್, ಕೈ ನೋಯುವಷ್ಟು ಭಾರದ ರಿಸೀವರ್, ಸುರುಳಿ ವೈರು, ಬೆರಳು ತೂರಿಸಿ ತಿರುಗಿಸಿ ಬಿಟ್ಟರೆ ಗರಗರ ಎಂದು ಹಿಂದಕ್ಕೆ ಬರುವ ಡಯಲ್, ಅದು ಐಟಿಐ ಮಾಲು. ಆ ಸೆಟ್ ಮಾಡುವ ಕಾರ್ಖಾನೆ ಫುಟ್‌ಬಾಲ್ ಆಟಗಾರರನ್ನೂ ನೌಕರಿಗೆ ತೆಗೆದುಕೊಳ್ಳುತ್ತಿತ್ತು. ವಿಮಾನ ಕಾರ್ಖಾನೆ ಎಚ್‌ಎಎಲ್ ಹೀಗೇ, ರೇಡಾರ್ ಸಂಸ್ಥೆ ಎಲ್‌ಆರ್‌ಡಿಇ ಹೀಗೇ. ಮೊದಲೆಲ್ಲ ಬೆಂಗಳೂರಿನಲ್ಲಿ ಆಟ ಕಲಿತವನು ಹೆಸರು ಮಾಡಬೇಕಾದರೆ ಹೌರಾ ರೈಲು ಹತ್ತಬೇಕಿತ್ತು. ಅಹ್ಮದ್ ಖಾನ್ ಮತ್ತು ಧನರಾಜ್ ಹೋಗಿ ಈಸ್ಟ್ ಬೆಂಗಾಲ್‌ನ ಮುಂಚೂಣಿಯ ‘ಪಂಚಪಾಂಡವ’ರಲ್ಲಿ ಇಬ್ಬರಾದರು. ಸಾರ್ವಜನಿಕ ಉದ್ದಿಮೆಗಳು ಬಂದ ಮೇಲೆ ಊರಲ್ಲೇ ಉಳಿಯಲು ಒಂದು ಕಾರಣ ಸಿಕ್ಕಿತು: ತಿಂಗಳ ಸಂಬಳ, ಕಾಲು ಮುರಿದರೂ ಹೋಗದ ಕೆಲಸ. ಹುಡುಗನೊಬ್ಬ ಚೆಂಡಾಟಕ್ಕೆ ಇಳಿದಾಗ ಮನೆಯವರು ಸುಮ್ಮನಿರುತ್ತಿದ್ದುದು ಈ ಸಂಬಳದ ಮುಖ ನೋಡಿ. ಕ್ಲಬ್ ಫುಟ್‌ಬಾಲ್‌ನ ಚರಿತ್ರೆ ಬರೆಯುವವರು ಕೋಲ್ಕತ್ತದ ಮೈದಾನಗಳಿಗೆ ಕೊಡುವ ಪುಟಗಳಲ್ಲಿ ನಾಲ್ಕನ್ನಾದರೂ ಕಾರ್ಖಾನೆಗಳ ಸಿಬ್ಬಂದಿ ವಿಭಾಗಕ್ಕೆ ಕೊಡಬೇಕು ಎನ್ನುವುದು ನನ್ನ ಹಳೆಯ ತಕರಾರು.

ಮರುವರ್ಷದಿಂದ ಕೋಲ್ಕತ್ತ ತನ್ನ ಹಕ್ಕು ವಸೂಲು ಮಾಡಿಕೊಂಡಿತು. 1978ರಲ್ಲಿ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್ ಜಂಟಿ ವಿಜೇತರು, 1980ರಲ್ಲೂ ಹಾಗೇ. ಮುಂದೆ ಗೋವಾದ ಸಾಲ್ಗಾಂವ್ಕರ್ ಬಂತು. 1990ರಲ್ಲಿ ತ್ರಿಶ್ಶೂರಿನಲ್ಲಿ, 1991ರಲ್ಲಿ ಕಣ್ಣೂರಿನಲ್ಲಿ ಕಪ್ ಎತ್ತಿದ್ದು ಕೇರಳ ಪೊಲೀಸ್. ವಿ.ಪಿ. ಸತ್ಯನ್, ಐ.ಎಂ. ವಿಜಯನ್‌ರಂಥವರು ಖಾಕಿ ಸಂಬಳದಲ್ಲಿ ಆಡಿದ ತಂಡವದು. ಇಲ್ಲೂ ಸರ್ಕಾರಿ ನೌಕರಿಯ ಅದೇ ಕಥೆ.

ಕಪ್‌ನ ಅತಿ ದೊಡ್ಡ ದಿನ ಫೈನಲ್ ಅಲ್ಲವೇ ಅಲ್ಲ. 1997ರ ಜುಲೈ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಡೆದ ಸೆಮಿಫೈನಲ್ ಅದು. ಮೋಹನ್ ಬಾಗನ್ ಕೋಚ್ ಅಮಲ್ ದತ್ತಾರ ‘ಡೈಮಂಡ್’ ವ್ಯೂಹದ ಬಗ್ಗೆ ಊರೆಲ್ಲ ಮಾತು, ಎದುರಿಗೆ ಪಿ.ಕೆ. ಬ್ಯಾನರ್ಜಿ ಪಳಗಿಸಿದ ಈಸ್ಟ್ ಬೆಂಗಾಲ್. ದಾಖಲೆಯ ಲೆಕ್ಕದಲ್ಲಿ 1,31,781 ಜನ ಅಂದು ಕ್ರೀಡಾಂಗಣದಲ್ಲಿದ್ದರು. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಆ ಅಬ್ಬರ ಫೈನಲ್‌ಗೆ ಉಳಿಯಲಿಲ್ಲ; ಕಪ್ ಸಾಲ್ಗಾಂವ್ಕರ್ ಪಾಲಾಯಿತು.

ಹಾಗೆ ನೋಡಿದರೆ ಕಪ್ ಸೊರಗಲು ಶುರುವಾದದ್ದು ಆ ಹೊತ್ತಿನಲ್ಲೇ. 1996ರ ಡಿಸೆಂಬರ್‌ನಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಆರಂಭವಾಗಿತ್ತು. ತಿಂಗಳುಗಟ್ಟಲೆ ಊರೂರು ಸುತ್ತಿ ಆಡಿ ಚಾಂಪಿಯನ್ ಆಗುವ ದಾರಿ ಇರುವಾಗ, ಎರಡು ವಾರದ ನಾಕೌಟ್ ಗೆದ್ದವರನ್ನು ದೇಶದ ಅತ್ಯುತ್ತಮ ಕ್ಲಬ್ ಎನ್ನುವವರು ಯಾರು? 1998ರ ಬಳಿಕ ಕಪ್ 2001ರವರೆಗೆ ನಡೆಯಲೇ ಇಲ್ಲ, 2002ರಲ್ಲಿ ಮತ್ತೆ ತಪ್ಪಿತು. ಏಷ್ಯಾ ಮಟ್ಟದ ಟೂರ್ನಿಗೆ ಒಂದು ಟಿಕೆಟ್ ಎಂಬ ಆಸೆಯೇ ಅದನ್ನು ಆಮೇಲೂ ಜೀವಂತ ಇಟ್ಟದ್ದು.

ನಡುವೆ ಬೆಂಗಳೂರಿಗೆ ಬಂದ ಒಂದು ಫೈನಲನ್ನು ಇಲ್ಲಿನವರು ಮರೆತಿಲ್ಲ. 2004ರ ಡಿಸೆಂಬರ್ 5, ಶ್ರೀ ಕಂಠೀರವ ಕ್ರೀಡಾಂಗಣ, ಗೋವಾದ ಡೆಂಪೊ ಮತ್ತು ಮೋಹನ್ ಬಾಗನ್. ಡೆಂಪೊಗೆ ಆಡುತ್ತಿದ್ದ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್‌ಗೆ 25 ವರ್ಷ. ಮೊದಲ ಗೋಲು ಅವನದು. ಎರಡನೆಯದನ್ನು ಹೊಡೆದ ಗಳಿಗೆಯಲ್ಲೇ ಮುನ್ನುಗ್ಗಿ ಬಂದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದ, ಚೆಂಡು ಬಲೆಯೊಳಗಿತ್ತು. ಅವನು ಮತ್ತೆ ಏಳಲಿಲ್ಲ. ಡೆಂಪೊ 2-0ಯಿಂದ ಕಪ್ ಗೆದ್ದಿತು, 10ನೇ ನಂಬರಿನ ಅಂಗಿಯನ್ನು ಶಾಶ್ವತವಾಗಿ ಮಡಿಚಿಟ್ಟಿತು. ಮೈದಾನದಂಚಿನ ವೈದ್ಯಕೀಯ ವ್ಯವಸ್ಥೆ ಹೇಗಿರಬೇಕು ಎಂಬ ಪ್ರಶ್ನೆ ದೇಶದ ಫುಟ್‌ಬಾಲ್‌ನಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಆ ಸಾವಿನ ನಂತರ. ಆಟಗಾರ ಸತ್ತ ಮೇಲೆ ಆಂಬುಲೆನ್ಸ್ ಲೆಕ್ಕ ಹಾಕುವುದು ನಮಗೇನೂ ಹೊಸತಲ್ಲ ಬಿಡಿ.

2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿತು. ಮೊದಲ ಸಾಲಿನಲ್ಲೇ ಐ-ಲೀಗ್ (ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಹೊಸ ರೂಪ) ಗೆದ್ದ ತಂಡ, 2015ರ ಜನವರಿಯಲ್ಲಿ ಗೋವಾಕ್ಕೇ ಹೋಗಿ ಡೆಂಪೊವನ್ನು 2-1ರಿಂದ ಮಣಿಸಿ ಫೆಡರೇಷನ್ ಕಪ್ ತಂದಿತು. ಅಷ್ಟರಲ್ಲಿ ಕಾರ್ಖಾನೆ ತಂಡಗಳ ಕಾಲ ಮುಗಿದಿತ್ತು. ಮೊಬೈಲ್ ಬಂದು ಡಯಲ್ ಫೋನು ಅಟ್ಟ ಸೇರಿತು. ಖಾಸಗಿ ಪೈಪೋಟಿಯಲ್ಲಿ ನಷ್ಟದ ಲೆಕ್ಕ ಬರೆಯುವ ಉದ್ದಿಮೆಗೆ ಸೆಂಟರ್ ಫಾರ್ವರ್ಡ್ ಒಬ್ಬನಿಗೆ ನೌಕರಿ ಕೊಡುವುದು ದುಂದಿನಂತೆ ಕಂಡಿತು.

ಕಪ್‌ಗೆ ಕೊನೆಯ ಪೆಟ್ಟು ಕೊಟ್ಟದ್ದು ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್. 2014ರಿಂದ ದೇಶದಲ್ಲಿ ಎರಡು ಲೀಗ್‌ಗಳಾದವು. 2017ರ ಫೆಡರೇಷನ್ ಕಪ್‌ನಲ್ಲಿ ಇದ್ದದ್ದು ಐ-ಲೀಗ್‌ನ ಎಂಟು ತಂಡಗಳಷ್ಟೆ. ಅರ್ಧ ದೇಶ ಹೊರಗಿರುವ ರಾಷ್ಟ್ರೀಯ ಕಪ್ ಎಷ್ಟು ದಿನ ನಡೆದೀತು? ಯುರೋಪಿನಲ್ಲೂ ಹೀಗಾಗಿದೆ: 1960ರಲ್ಲಿ ಶುರುವಾದ ಕಪ್ ವಿನ್ನರ್ಸ್ ಕಪ್ಪನ್ನು ಚಾಂಪಿಯನ್ಸ್ ಲೀಗ್ ಹಿಗ್ಗಿದಂತೆಲ್ಲ ಕೇಳುವವರಿಲ್ಲದೆ 1999ರಲ್ಲಿ ಮುಚ್ಚಿದರು.

2017ರಲ್ಲಿ ಐ-ಲೀಗ್‌ನ ನಾಲ್ಕನೆಯ ಸ್ಥಾನಕ್ಕೆ ಜಾರಿದ್ದ ಬೆಂಗಳೂರು ಎಫ್‌ಸಿಗೆ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಪ್ರವೇಶಕ್ಕೆ ಉಳಿದಿದ್ದ ಬಾಗಿಲು ಇದೊಂದೇ. ಮೇ 21ರಂದು ಕಟಕ್‌ನ ಬಾರಾಬತಿ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ಎದುರು ನಿಗದಿತ ಸಮಯ ಗೋಲಿಲ್ಲದೆ ಮುಗಿಯಿತು. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಬಾರಿ ಚೆಂಡನ್ನು ಒಳಗಟ್ಟಿದರು. ಕಣ್ಣೂರಿನ ಹುಡುಗ, ಬೆಂಗಳೂರಿನ ಅಂಗಿ.

ಆ ವರ್ಷವೇ ಬೆಂಗಳೂರು ಎಫ್‌ಸಿ ಐ-ಲೀಗ್ ಬಿಟ್ಟು ಐಎಸ್‌ಎಲ್‌ಗೆ ಹೋಯಿತು. ಫೆಡರೇಷನ್ ಕಪ್ ಜಾಗಕ್ಕೆ ಎರಡೂ ಲೀಗ್‌ಗಳನ್ನು ಸೇರಿಸಿದ ಸೂಪರ್ ಕಪ್ ಬಂತು. 2018ರ ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ನಡೆದ ಅದರ ಮೊದಲ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 4-1ರಿಂದ ಸೋತಿತು. ಗೆದ್ದದ್ದು, ಮತ್ತೆ, ಬೆಂಗಳೂರು.